ಒಂಟಾರಿಯೊದವರೇ, "ನನ್ನ ಫೈಲ್ ಕ್ಲೋಸ್ ಮಾಡಿ" ಅನ್ನೋ ಮುಂಚೆ ಇದನ್ನು ಓದಿ

ಕೋವಿಡ್ ಕಾಲದಲ್ಲಿ ದುಡಿಮೆ ನಿಂತವರಿಗೆ ಕೆನಡಾ ಸರ್ಕಾರ ಕೊಟ್ಟ ಸೆರ್ಬ್ (CERB) ದುಡ್ಡನ್ನು ವಾಪಸ್ ಕಟ್ಟಿ ಅಂತ ನನಗೆ ಪತ್ರ ಬಂತು. ಕಟ್ಟುತ್ತಿದ್ದೇನೆ. ಆ ದುಡ್ಡು ಬಂದ ಕಾರಣಕ್ಕೇ ನಿಂತುಹೋದ ಒಂಟಾರಿಯೊ ವರ್ಕ್ಸ್ (ಕಡಿಮೆ ಆದಾಯದವರಿಗೆ ಒಂಟಾರಿಯೊ ಪ್ರಾಂತ್ಯ ಕೊಡುವ) ಸಹಾಯಧನ ಮಾತ್ರ ಬಹುಪಾಲು ವಾಪಸ್ ಬರಲಿಲ್ಲ. 2020ರಲ್ಲಿ ನಾನು ಮಾಡಿದ ಒಂದು ಫೋನ್ ಅದಕ್ಕೆ ಕಾರಣ.

ಆಗ ಒಬ್ಬಳೇ ಇದ್ದೆ. ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಪಾಠ ಕಡಿಮೆಯಾಗಿ ಬಾಡಿಗೆಗೆ ಸಾಲದೆ, ಫೆಬ್ರವರಿಯಲ್ಲಿ ಒಂಟಾರಿಯೊ ವರ್ಕ್ಸ್‌ಗೆ ಅರ್ಜಿ ಹಾಕಿದ್ದೆ. ಒಂಟಿ ಜನಕ್ಕೆ ತಿಂಗಳಿಗೆ ಹೆಚ್ಚೆಂದರೆ 733 ಡಾಲರ್. ಮಾರ್ಚ್‌ನಲ್ಲಿ ಪಾಠ ಪೂರ್ತಿ ನಿಂತಿತು. ಏಪ್ರಿಲ್ 6ಕ್ಕೆ ಸೆರ್ಬ್ ಅರ್ಜಿ ಶುರುವಾಯಿತು. ನಾಲ್ಕು ವಾರಕ್ಕೆ 2,000 ಡಾಲರ್. ಎಲ್ಲರೂ ಹಾಕಿದರು, ನಾನೂ ಹಾಕಿದೆ. ಏಳು ಸಲ ಬಂತು. ಒಟ್ಟು 14,000.

ಮೊದಲೇ ಸಹಾಯಧನ ಪಡೆಯುತ್ತಿದ್ದವರಿಗೆ ಒಂಟಾರಿಯೊ ಈ ದುಡ್ಡನ್ನು ಸಂಬಳದ ಹಾಗೆ ಲೆಕ್ಕ ಹಾಕಿತು. ಮೊದಲ 200 ಬಿಟ್ಟು, ಉಳಿದ 1,800ರಲ್ಲಿ ಅರ್ಧ, ಅಂದರೆ 900 ಕಡಿತ. ನನ್ನ 733ರಲ್ಲಿ 900 ಕಳೆದರೆ ಏನು ಉಳಿಯುತ್ತೆ? ಸೊನ್ನೆ. ಏಪ್ರಿಲ್, ಮೇ ಎರಡು ತಿಂಗಳು ಹಾಗೇ ಸೊನ್ನೆ ಬಂತು. ಎರಡಕ್ಕೂ ಪತ್ರ ಬಂದಿತ್ತು. ಪುಣ್ಯಕ್ಕೆ ಎಸೆದಿರಲಿಲ್ಲ.

ಜೂನ್‌ನಲ್ಲಿ ನಾನೇ ಫೋನ್ ಮಾಡಿದೆ. ಒಂದು ಕೈಯಲ್ಲಿ ದೋಸೆ ಸೌಟು, ಇನ್ನೊಂದು ಕೈಯಲ್ಲಿ ಫೋನ್. "ನನಗೆ ಹೇಗೂ ಏನೂ ಬರ್ತಿಲ್ಲ, ಫೈಲ್ ಕ್ಲೋಸ್ ಮಾಡಿಬಿಡಿ" ಅಂದೆ. ಪ್ರತಿ ತಿಂಗಳು ಸುಮ್ನೆ ಆದಾಯದ ವರದಿ ಕೊಡೋದು ತಪ್ಪುತ್ತೆ ಅಲ್ವಾ ಅಂತ. ಅತ್ತ ಕಡೆಯವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಆಯ್ತು ಮೇಡಂ" ಅಂದರು. ದೋಸೆ ಸೀಯೋದರೊಳಗೆ ಕೆಲಸ ಮುಗಿದಿತ್ತು.

2022ರಲ್ಲಿ ತೆರಿಗೆಯವರ ಪತ್ರ ಬಂತು. ನನಗೆ ಸೆರ್ಬ್ ಕೊಟ್ಟಿದ್ದು ಅವರೇ. ಸೆರ್ಬ್‌ಗೆ 2019ರಲ್ಲಿ ಅಥವಾ ಅರ್ಜಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 5,000 ಡಾಲರ್ ದುಡಿದಿರಬೇಕಿತ್ತು. ಸ್ವಂತ ದುಡಿಮೆಯವರಿಗೆ ಅದು ಖರ್ಚು ಕಳೆದ ಮೇಲಿನ ಲೆಕ್ಕವೋ, ಮೊದಲಿನದೋ ಅಂತ ದೊಡ್ಡ ಗೊಂದಲವಿತ್ತು. ಖರ್ಚಿಗೆ ಮೊದಲಿನ ಮೊತ್ತ 5,000 ಇದ್ದರೂ ವಾಪಸ್ ಕಟ್ಟಬೇಕಿಲ್ಲ ಅಂತ 2021ರ ಫೆಬ್ರವರಿಯಲ್ಲಿ ಸರ್ಕಾರವೇ ಹೇಳಿತು. ನನ್ನ ಕಷ್ಟ ಬೇರೆ. ಫೀಸೆಲ್ಲ ನಗದು. ಲಕೋಟೆಯಲ್ಲಿ ತಂದು ಶ್ರುತಿಪೆಟ್ಟಿಗೆ ಪಕ್ಕ ಇಟ್ಟು ಹೋಗುತ್ತಿದ್ದರು. ನಾನು ರಸೀದಿ ಬರೆದವಳೇ ಅಲ್ಲ, ಬ್ಯಾಂಕಿಗೆ ಹಾಕಿದ್ದೂ ಇಲ್ಲ. ಮಕ್ಕಳ ಹೆಸರಿನ ಮುಂದೆ ಟಿಕ್ ಹಾಕಿದ ನೋಟ್‌ಬುಕ್ ಕಳಿಸಿದೆ. ಒಪ್ಪಲಿಲ್ಲ. ಎರಡನೇ ಪರಿಶೀಲನೆಯಲ್ಲೂ ಅದೇ ಉತ್ತರ. ಅದರ ಮೇಲೆ ಫೆಡರಲ್ ಕೋರ್ಟಿಗೆ ಹೋಗಲು 30 ದಿನ ಇರುತ್ತೆ. ನಾನು ಹೋಗಲಿಲ್ಲ.

ಸರಿ, ಸೆರ್ಬ್ ನನ್ನದಲ್ಲ ಅಂತಾದರೆ ಆ ತಿಂಗಳುಗಳಲ್ಲಿ ನನಗೆ ಆದಾಯವೇ ಇರಲಿಲ್ಲ ಅಂತಾಯಿತು. ಹಾಗಾದರೆ ಆಗಿನ 733 ಕೊಡಿ ಅಂತ ಸಹಾಯಧನದ ಕಚೇರಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ "ಹಳೇದೆಲ್ಲ ಕೊಡೋಕೆ ಆಗಲ್ಲ" ಅಂದ. ಬಾಯಿ ಮಾತಲ್ಲೇ. ನಾನು ಪೆದ್ದಿ, ನಂಬಿ ಬಂದುಬಿಟ್ಟೆ. ಐದು ತಿಂಗಳು ಹಾಳಾಯಿತು.

ಆಮೇಲೆ ಗೆಳತಿಯೊಬ್ಬಳು ಹತ್ತಿರದ ಲೀಗಲ್ ಕ್ಲಿನಿಕ್‌ಗೆ ಕರೆದುಕೊಂಡು ಹೋದಳು. ಕಡಿಮೆ ಆದಾಯದವರಿಗೆ ಅಲ್ಲಿ ಫೀಸಿಲ್ಲ. ಅಲ್ಲಿದ್ದ ಹೆಂಗಸು ನನ್ನ ಕಥೆ ಅರ್ಧ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಅವರು ನಿಮ್ಮನ್ನು ತೆಗೆದರಾ, ನೀವೇ ಹೊರಗೆ ಬಂದಿರಾ?" ಏಪ್ರಿಲ್, ಮೇ ತಿಂಗಳಲ್ಲಿ ಸೊನ್ನೆ ಮಾಡಿದ್ದು ಅವರ ತೀರ್ಮಾನ. ಅದನ್ನು ಮತ್ತೆ ಲೆಕ್ಕ ಹಾಕಿ ಅಂತ ಕೇಳಬಹುದು. ಜೂನ್‌ನಿಂದ ಮುಂದೆ ನನ್ನ ಫೈಲೇ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ಅರ್ಜಿಗೆ ಹಿಂದಿನ ತಿಂಗಳಿಗೆ ದುಡ್ಡು ಕೊಡುವ ಪದ್ಧತಿ ಅಲ್ಲಿಲ್ಲ.

ತೆರಿಗೆಯವರ ಪತ್ರ, ಕಂತು ಕಟ್ಟಿದ ದಾಖಲೆ, ಆ ಎರಡು ಹಳೇ ಪತ್ರ ಎಲ್ಲ ಸೇರಿಸಿ ಕ್ಲಿನಿಕ್‌ನವರೇ ಬರೆದರು. ತಡ ಯಾಕಾಯಿತು ಅಂತಲೂ ಬರೆದರು. ಯಾಕೆಂದರೆ ತೀರ್ಮಾನ ಬಂದ 30 ದಿನದೊಳಗೆ ಇಂಟರ್ನಲ್ ರಿವ್ಯೂ, ಅಂದರೆ ಆ ಕಚೇರಿಯವರೇ ಮತ್ತೊಮ್ಮೆ ನೋಡಲಿ ಅಂತ, ಕೇಳಬೇಕು. ಅಲ್ಲೂ ಆಗಲ್ಲ ಅಂದರೆ, ಆ ಉತ್ತರ ಬಂದ 30 ದಿನದೊಳಗೆ ಇಂಥ ತಕರಾರು ಕೇಳುವ ಸೋಶಿಯಲ್ ಬೆನಿಫಿಟ್ಸ್ ಟ್ರಿಬ್ಯೂನಲ್‌ಗೆ ಅಪೀಲು. ಕೌಂಟರ್‌ನಲ್ಲಿ ಯಾರಾದರೂ "ಆಗಲ್ಲ" ಅಂದರೆ ದಯವಿಟ್ಟು ಎದ್ದು ಬರಬೇಡಿ. "ಅದನ್ನೇ ಬರೆದು ಕೊಡಿ" ಅನ್ನಿ. ಕಾಗದ ಇಲ್ಲದೆ ಅಪೀಲು ಯಾವುದರ ಮೇಲೆ ಮಾಡ್ತೀರಿ?

ನನಗೆ ಸಿಕ್ಕಿದ್ದು ಎರಡು ತಿಂಗಳದ್ದು, 1,466 ಡಾಲರ್. ಉಳಿದದ್ದು ಹೋಯಿತು. ಸೆರ್ಬ್ ಸಾಲಕ್ಕೆ ಬಡ್ಡಿ ಇಲ್ಲ ಅನ್ನೋದೊಂದೇ ಸಮಾಧಾನ. ತಿಂಗಳಿಗೆ 100 ಡಾಲರ್ ಅಂತ ಒಪ್ಪಂದ ಮಾಡಿಕೊಂಡಿದ್ದೇನೆ. 14,000ಕ್ಕೆ 140 ಕಂತು. ಕಟ್ಟಿದ್ದನ್ನು ಪ್ರತಿ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯಲು ಮರೀಬೇಡಿ, ಮೊದಲ ವರ್ಷ ನಾನು ಅದನ್ನೂ ಮರೆತಿದ್ದೆ.

ಈಗ ಪಾಠ ಮತ್ತೆ ಶುರುವಾಗಿದೆ. ಫೀಸು ಬ್ಯಾಂಕಿಗೇ ಬರುತ್ತೆ. ಒಬ್ಬ ಅಜ್ಜಿ ಮಾತ್ರ ಇನ್ನೂ ಲಕೋಟೆಯಲ್ಲೇ ತರುತ್ತಾರೆ. ಅವರಿಗೆ ಅಲ್ಲೇ ಕೂತು ರಸೀದಿ ಬರೆದುಕೊಡುತ್ತೇನೆ.