ಕೇಸ್ ಮುಗಿದಿತ್ತು, ವಾರಂಟ್ ಮುಗಿದಿರಲಿಲ್ಲ

ನಿಮ್ಮ ಮೇಲೆ ಯಾವತ್ತೋ ಒಂದು ಸಣ್ಣ ಕೇಸ್ ಇತ್ತಾ? ನಡುವೆ ಒಮ್ಮೆ ವಾರಂಟ್ ಆಗಿ, ವಕೀಲರು ಅದನ್ನು ರೀಕಾಲ್, ಅಂದರೆ ಕೋರ್ಟಿನಿಂದಲೇ ರದ್ದು, ಮಾಡಿಸಿದ್ದರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ನಾನು ಹಬ್ಬದ ದಿನ ಠಾಣೆಯ ಬೆಂಚಿನ ಮೇಲೆ ಕೂತು ಕಲಿತದ್ದು ಇದು.

2015ರಲ್ಲಿ ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಸ್ಕೂಟರ್ ನಿಲ್ಲಿಸೋ ಜಾಗಕ್ಕೆ ಒಬ್ಬರ ಜೊತೆ ಜಗಳ ಆಯಿತು. ತಳ್ಳಾಟ, ಬೈಗುಳ, ಅಷ್ಟೆ. ಅವರು ನನ್ನ ಮೇಲೆ ಕಂಪ್ಲೇಂಟ್ ಕೊಟ್ಟರು. ನಾನೂ ಬಿಡಲಿಲ್ಲ, ಅವರ ಮೇಲೆ ಕೊಟ್ಟೆ. ಇಬ್ಬರ ಮೇಲೂ ಐಪಿಸಿ 341, 323, 504, ಅಂದರೆ ಅಡ್ಡಗಟ್ಟಿದ್ದು, ಹೊಡೆದದ್ದು, ಬೈದು ಕೆಣಕಿದ್ದು. ಠಾಣೆಯಲ್ಲೇ ಜಾಮೀನು ಸಿಕ್ಕಿತು. ಆಮೇಲೆ ನಾನು ಬೆಂಗಳೂರಿಗೆ ಬಂದೆ. ಸಮನ್ಸ್ ಹಳೇ ಬಾಡಿಗೆ ಮನೆಗೆ ಹೋಗಿ ವಾಪಸ್ ಬಂತಂತೆ. ಕೋರ್ಟಿಗೆ ಹೋಗಲಿಲ್ಲ ಅಂತ ಜಾಮೀನುರಹಿತ ವಾರಂಟ್ ಹೊರಟಿತು. ಗೊತ್ತಾದ ತಕ್ಷಣ ಓಡಿಹೋದೆ. 2017ರಲ್ಲಿ ವಕೀಲರು ಅರ್ಜಿ ಹಾಕಿದರು, ಮ್ಯಾಜಿಸ್ಟ್ರೇಟರು ಒಂದಿಷ್ಟು ದಂಡ ಹಾಕಿ ವಾರಂಟ್ ರದ್ದು ಮಾಡಿದರು. ಮರುವರ್ಷ ಲೋಕ ಅದಾಲತ್‌ನಲ್ಲಿ ನನ್ನ ಕೇಸೂ ಅವರ ಕೇಸೂ ಒಟ್ಟಿಗೆ ರಾಜಿಯಾದವು. ಕೋರ್ಟ್ ಎದುರಿನ ಕ್ಯಾಂಟೀನಿನಲ್ಲಿ ಇಬ್ಬರೂ ಕಾಫಿ ಕುಡಿದು ಮನೆಗೆ ಹೋದೆವು. ಒಂದು ಕಾಗದವನ್ನೂ ತೆಗೆದುಕೊಳ್ಳಲಿಲ್ಲ. ನಾನು ಮಾಡಿದ ತಪ್ಪು ಅದೇ.

2024ರ ಬಲಿಪಾಡ್ಯಮಿ. ಬೆಳಿಗ್ಗೆ ಏಳೂವರೆ. ತಲೆಯಲ್ಲಿ ಎಣ್ಣೆ ಇನ್ನೂ ಹಾಗೇ ಇತ್ತು. ಬಾಗಿಲಲ್ಲಿ ಇಬ್ಬರು ಪೊಲೀಸರು, ಕೈಯಲ್ಲಿ ಒಂದು ಪಟ್ಟಿ. ಹಳೇ ವಾರಂಟ್‌ಗಳನ್ನೆಲ್ಲ ಮುಗಿಸಿ ಅಂತ ಮೇಲಿನಿಂದ ಆರ್ಡರ್ ಬಂದಿತ್ತಂತೆ. ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಾರೆ ಅಂತ ಅವರಿಗೂ ಗೊತ್ತು. ಅಮ್ಮ ಅಡುಗೆಮನೆಯಿಂದ ಬಂದು "ಏನಪ್ಪಾ, ಏನು ಮಾಡಿದಾನೆ ಇವನು?" ಅಂತ ಕೇಳಿದರು. "ಏನಿಲ್ಲಮ್ಮ, ಐದು ನಿಮಿಷದ ಕೆಲಸ" ಅಂದರು. ಆ ಐದು ನಿಮಿಷ ನಾಲ್ಕು ಗಂಟೆ ಆಯಿತು.

ಠಾಣೆಯಲ್ಲಿ ಒಬ್ಬರು ವಯಸ್ಸಾದ ಎಎಸ್ಐ ಇದ್ದರು. ಒಳ್ಳೆಯವರೇ. ನಾನು ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆಗೆದು, ಹೆಸರು ಮತ್ತು ವರ್ಷ ಹಾಕಿ ಹುಡುಕಿ, ಕೇಸ್ ವಿಲೇವಾರಿ ಆಗಿರುವುದನ್ನು ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ನೋಡಿ ಸಾರ್, ನಿಮ್ಮ ಮೊಬೈಲಿನಲ್ಲಿ ಇದೆ, ಸರಿ. ನಮ್ಮ ರಿಜಿಸ್ಟರಿನಲ್ಲಿ ಇಲ್ವಲ್ಲ" ಅಂದರು.

ಅವರ ಮಾತಿನಲ್ಲೂ ಅರ್ಥ ಇತ್ತು. ಕೋರ್ಟ್ ಹೊರಡಿಸಿದ ವಾರಂಟ್‌ಗೆ ಎಕ್ಸ್‌ಪೈರಿ ಡೇಟ್ ಇಲ್ಲ. ಆ ಕೋರ್ಟೇ ರದ್ದು ಮಾಡುವ ತನಕ ಅಥವಾ ಜಾರಿಯಾಗುವ ತನಕ ಅದು ಜೀವಂತ. ಹಿಂದೆ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಹಳೇ ಕಾನೂನು) ಸೆಕ್ಷನ್ 70ರಲ್ಲಿ ಹೀಗೇ ಇತ್ತು, ಈಗ ಬಿಎನ್‌ಎಸ್‌ಎಸ್ (ಅದರ ಬದಲು ಬಂದ ಹೊಸ ಕಾನೂನು) ಸೆಕ್ಷನ್ 72ರಲ್ಲೂ ಹೀಗೇ ಇದೆ. ನನ್ನದು ರದ್ದಾಗಿತ್ತು. ಆದರೆ ರದ್ದಾದ ಸುದ್ದಿ ಕೋರ್ಟಿನ ಆರ್ಡರ್ ಶೀಟ್ (ಕೇಸಿನಲ್ಲಿ ದಿನದಿನ ಆದದ್ದನ್ನು ಬರೆಯುವ ಹಾಳೆ) ಬಿಟ್ಟು ಹೊರಗೆ ಬಂದಿರಲಿಲ್ಲ. ಅಲ್ಲಿಂದ ಒಂದು ರೀಕಾಲ್ ಪತ್ರ ತಯಾರಾಗಬೇಕು. ಕೋರ್ಟ್ ಡ್ಯೂಟಿಯ ಪಿಸಿ (ಕಾನ್‌ಸ್ಟೇಬಲ್) ಅದನ್ನು ಠಾಣೆಗೆ ತರಬೇಕು. ಠಾಣೆಯವರು ವಾರಂಟ್ ರಿಜಿಸ್ಟರಿನಲ್ಲಿ ಆ ಸಾಲು ಹೊಡೆದುಹಾಕಬೇಕು. ಈ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ನನ್ನ ಕಾಗದ ಬಿದ್ದುಹೋಗಿತ್ತು. ಏಳು ವರ್ಷ ಯಾರಿಗೂ ಗೊತ್ತಿಲ್ಲ. ವಾರಂಟ್ ಮಾತ್ರ ಹೇಗೆ ತಪ್ಪದೆ ತಲುಪಿತೋ!

ಹೆಸರಿಗೆ ಎಲ್ಲ ಕಂಪ್ಯೂಟರ್ ಆಗಿದೆ. ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಅದರ ಮೇಲೆ ಐಸಿಜೆಎಸ್ ಅಂತ ಇನ್ನೊಂದು ಬಂತು. ಪೊಲೀಸ್, ಕೋರ್ಟ್, ಜೈಲು, ಫೊರೆನ್ಸಿಕ್, ಸರ್ಕಾರಿ ವಕೀಲರು, ಐದೂ ಕಡೆಯ ಮಾಹಿತಿ ಒಬ್ಬರಿಗೊಬ್ಬರಿಗೆ ಕಾಣಬೇಕು ಅನ್ನೋದು ಉದ್ದೇಶ. ಆದರೆ ಹಳೇ ಕೇಸುಗಳ ಮಾಹಿತಿಯನ್ನು ಒಬ್ಬರು ಕೂತು ಸರಿ ಮಾಡಬೇಕಲ್ವಾ? ನನ್ನದು ಸಣ್ಣ ಕಥೆ ಬಿಡಿ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಗ್ರಾ ಸೆಂಟ್ರಲ್ ಜೈಲಿನ 13 ಮಂದಿಗೆ ಮಧ್ಯಂತರ ಜಾಮೀನು ಕೊಟ್ಟಿತು. ಆದೇಶದ ಪ್ರತಿ ಕೈಗೆ ಬಂದಿಲ್ಲ ಅಂತ ಅವರು ದಿನಗಟ್ಟಲೆ ಒಳಗೇ ಇದ್ದರು. ಈ ಕಾಲದಲ್ಲೂ ಆದೇಶ ತರುವ ಪಾರಿವಾಳಕ್ಕೆ ಆಕಾಶ ನೋಡ್ತಾ ಕೂರಬೇಕಾ ಎಂಬ ಧಾಟಿಯಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ ಬೇಸರಪಟ್ಟರು. ಆಮೇಲೆಯೇ 2022ರ ಮಾರ್ಚ್‌ನಲ್ಲಿ ಜಾಮೀನು ಆದೇಶಗಳನ್ನು ಆನ್‌ಲೈನಿನಲ್ಲಿ ಜೈಲಿಗೆ ಮುಟ್ಟಿಸುವ 'ಫಾಸ್ಟರ್' ವ್ಯವಸ್ಥೆ ಬಂದದ್ದು.

ಅವತ್ತು ಶನಿವಾರ, ಕೋರ್ಟಿಗೆ ರಜೆ. ನಮ್ಮ ಹಳೇ ವಕೀಲರು ಪ್ರಾಕ್ಟೀಸ್ ಬಿಟ್ಟು ಮಗನ ಮನೆಗೆ ಹೋಗಿದ್ದರು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಲೇಬೇಕು. ಹಬ್ಬದ ದಿನ ಅವರ ಮನೆಗೆ ನನ್ನನ್ನು ಕರೆದುಕೊಂಡು ಹೋಗಲು ಎಎಸ್ಐಗೂ ಇಷ್ಟ ಇರಲಿಲ್ಲ. ಅವರು ಕೋರ್ಟ್ ಪಿಸಿಗೆ ಮೂರು ಸಲ ಫೋನ್ ಮಾಡಿದರು. ಕೊನೆಗೆ ಸೋಮವಾರ ಹಾಜರಾಗ್ತೀನಿ ಅಂತ ಬರೆಸಿಕೊಂಡು ಕಳಿಸಿದರು. ಎಲ್ಲರಿಗೂ ಇಂಥ ಎಎಸ್ಐ ಸಿಗುತ್ತಾರೆ ಅಂತ ನಂಬಿಕೊಂಡು ಕೂರಬೇಡಿ.

ಸೋಮವಾರ ನಕಲು ಅರ್ಜಿ ಹಾಕಿದೆ. ಮುಗಿದ ಕೇಸಿನ ಫೈಲು ರೆಕಾರ್ಡ್ ರೂಮಿನಲ್ಲಿ ಇರುತ್ತದೆ, ಹುಡುಕಬೇಕು. ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟೇ ದೃಢೀಕರಿಸಿದ ನಕಲು, ಕೈಗೆ ಬರುವಷ್ಟರಲ್ಲಿ ಹತ್ತು ದಿನ, ಬೆಂಗಳೂರಿನಿಂದ ಎರಡು ಓಡಾಟ. ರೀಕಾಲ್ ಆದ ದಿನದ ಆರ್ಡರ್ ಶೀಟ್ ಒಂದು, ಅದಾಲತ್ತಿನ ಆದೇಶ ಒಂದು. ಎರಡನ್ನೂ ಠಾಣೆಗೆ ಕೊಟ್ಟೆ. ಅವರು ರಿಜಿಸ್ಟರಿನಲ್ಲಿ ಕೆಂಪು ಇಂಕಿನಲ್ಲಿ ಗೀಟು ಎಳೆದರು. ನನ್ನ ಪ್ರತಿಯ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಂಡೆ.

ಇಲ್ಲಿಗೆ ಮುಗೀತು ಅಂದುಕೊಂಡೆ. ಮೂರು ತಿಂಗಳ ನಂತರ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಹಾಕಿದರೆ ಪೊಲೀಸ್ ವರದಿ 'ಅಡ್ವರ್ಸ್', ಅಂದರೆ ನನಗೆ ವಿರುದ್ಧ, ಅಂತ ಹೋಗಿತ್ತು. ರಿಜಿಸ್ಟರ್ ಸರಿಯಾಗಿತ್ತು, ಕಂಪ್ಯೂಟರ್ ಆಗಿರಲಿಲ್ಲ! ಅದರಲ್ಲಿ ನನ್ನ ಕೇಸ್ ಇನ್ನೂ ವಿಚಾರಣೆಯಲ್ಲೇ ಇತ್ತು. ಕೋರ್ಟಿನಲ್ಲಿ ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಬಾಕಿ ಇಲ್ಲ ಅಂತ ನಾನು ನಿಜವನ್ನೇ ಬರೆದಿದ್ದೆ, ಆದರೂ ಸುಳ್ಳು ಹೇಳಿದವನ ಥರ ಪಾಸ್‌ಪೋರ್ಟ್ ಆಫೀಸಿಗೆ ವಿವರಣೆ ಕೊಡಬೇಕಾಯಿತು. ಅದೇ ಎರಡು ಕಾಪಿ ಮತ್ತೆ ಕೆಲಸಕ್ಕೆ ಬಂದವು. ರಾಜಿಯಾದ ಕೇಸ್ ಖುಲಾಸೆಯಾದಂತೆ ಅಂತ ಕಾನೂನಿನಲ್ಲೇ ಇದೆ, ಅದನ್ನೂ ಪತ್ರದಲ್ಲಿ ಬರೆದೆ. ಈ ಸಲ ಠಾಣೆಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಯ ಪಕ್ಕದಲ್ಲೇ ನಿಂತು, ಎಂಟ್ರಿ ಬದಲಾಗಿದ್ದನ್ನು ಕಣ್ಣಾರೆ ನೋಡಿ ಬಂದೆ.

ಹಾಗಾಗಿ ವಾರಂಟ್ ರೀಕಾಲ್ ಆದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಒಂದು ಪ್ರತಿಯನ್ನು ನೀವೇ ಠಾಣೆಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ವಕೀಲರು ನೋಡಿಕೊಳ್ತಾರೆ, ಪಿಸಿ ತಲುಪಿಸ್ತಾರೆ ಅಂತ ಸುಮ್ನೆ ಇರಬೇಡಿ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಆದೇಶದ ಫೋಟೋ ಮೊಬೈಲಿನಲ್ಲೂ ಇರಲಿ, ಮನೆಯವರ ಹತ್ತಿರವೂ ಇರಲಿ. ಪೊಲೀಸರು ಬಾಗಿಲಿಗೆ ಬಂದರೆ ವಾರಂಟ್ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ನಾನು ಕೇಳಲಿಲ್ಲ, ಎಣ್ಣೆ ತಲೆಯಲ್ಲೇ ಹೊರಟುಬಿಟ್ಟೆ.

ಕಳೆದ ವಾರ, ಅವತ್ತು ನನ್ನ ಜೊತೆ ಜಗಳ ಆಡಿದ್ದವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮಗಳ ಮದುವೆ ಓಡಾಟದಲ್ಲಿದ್ದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ನಂದೂ ಒಂದು ವಾರಂಟ್ ಆಗಿತ್ತು ಅಲ್ವೇನ್ರಿ?" ಅಂದರು. ಸೋಮವಾರ ಇಬ್ಬರೂ ಒಟ್ಟಿಗೆ ಕೋರ್ಟಿಗೆ ಹೋಗ್ತಿದ್ದೇವೆ.