ಹೆಬ್ಬಾತು ನೋಡಲು ಹೋಗುವವರ ಪುಟ್ಟ ಕೆಟಲ್: ಹಲವು ಚಳಿಗಾಲ ಬಳಸಿದ ಮೇಲೆ

ಚಳಿಗಾಲ ಕಳೆಯಲು ಪಕ್ಷಿಧಾಮಕ್ಕೆ ಬರುವ ಹೆಬ್ಬಾತುಗಳನ್ನು ನೋಡಬೇಕಾದರೆ ಬೆಳಕು ಹರಿಯುವ ಮುಂಚೆಯೇ ದಡದಲ್ಲಿ ಇರಬೇಕು. ರಾತ್ರಿ ಅವು ಹೆಚ್ಚಾಗಿ ನೀರಿನಲ್ಲೇ ತಂಗುತ್ತವೆ. ಬೆಳಗಾಗುತ್ತಿದ್ದಂತೆ ಹಿಂಡು ಹಿಂಡಾಗಿ ಎದ್ದು ಹೊಲಗಳ ಕಡೆ ಮೇಯಲು ಹೋಗುತ್ತವೆ. ಆ ಹೊತ್ತಿಗೆ ಬಿಸಿ ಚಹಾ ಯಾರು ಕೊಡುತ್ತಾರೆ? ಅದಕ್ಕೇ ಅರ್ಧ ಲೀಟರಿನ, 600 ವ್ಯಾಟಿನ ಈ ಸ್ಟೀಲ್ ಕೆಟಲ್ ಕೊಂಡಿದ್ದು.

ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಮನೆಯಲ್ಲಿ ಬಳಸುವುದಾದರೆ ಸರಿ. ಆದರೆ 1500 ವ್ಯಾಟಿನ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ತಂಗುವ ಕೋಣೆಯ ಹಳೇ ಪ್ಲಗ್ಗು, ಎಕ್ಸ್‌ಟೆನ್ಷನ್ ಬೋರ್ಡುಗಳಿಗೆ ಅದು ಭಾರ. 600 ವ್ಯಾಟಿನದು ಮೂರು ಆಂಪಿಯರಿಗಿಂತ ಕಡಿಮೆಯಲ್ಲೇ ಮುಗಿಸುತ್ತದೆ. ಅರ್ಧ ಲೀಟರ್ ಕುದಿಯಲು ಐದು ನಿಮಿಷ ಬೇಕು, ಅಷ್ಟರಲ್ಲಿ ಬೂಟು ಹಾಕಿಕೊಂಡು ಬೈನಾಕ್ಯುಲರ್ ಒರೆಸಿಟ್ಟುಕೊಳ್ಳಬಹುದು.

ಈಗ ಇದರ ದೊಡ್ಡ ಕೊರತೆ. ನೀರು ಕುದಿದಾಗ ಹಬೆಯು ಹಿಡಿಯ ಒಳಗಿನ ದಾರಿಯಲ್ಲಿ ಇಳಿದು ಒಂದು ಸಣ್ಣ ಲೋಹದ ಬಿಲ್ಲೆಯನ್ನು ಬಿಸಿ ಮಾಡುತ್ತದೆ. ಬಿಲ್ಲೆ ಬಾಗುತ್ತದೆ, ಸ್ವಿಚ್ಚು ಟಕ್ ಎಂದು ಆಫ್ ಆಗುತ್ತದೆ. ಮುಚ್ಚಳ ಬಿಗಿಯಾಗಿ ಕೂತರೆ ಮಾತ್ರ ಇದು ನಡೆಯುವುದು. ನನ್ನ ಕೆಟಲಿನ ಮುಚ್ಚಳದ ಕೀಲು ಪ್ಲಾಸ್ಟಿಕ್ಕಿನದು. ಬರಬರುತ್ತಾ ಅದು ಸಡಿಲವಾಯಿತು, ಮುಂಭಾಗದಲ್ಲಿ ಉಗುರು ತೂರುವಷ್ಟು ಸಂದು ಬಿತ್ತು. ಹಬೆಯೆಲ್ಲ ಆ ಸಂದಿನಿಂದಲೇ ಹೋಗುತ್ತದೆ. ನೀರು ಕೊತಕೊತ ಕುದಿಯುತ್ತಲೇ ಇರುತ್ತದೆ, ಸ್ವಿಚ್ಚು ಬೀಳುವುದಿಲ್ಲ. ಬೆರಳಿನಿಂದ ಮುಚ್ಚಳ ಒತ್ತಿ ಹಿಡಿಯೋಣವೆಂದರೆ ಬಿಸಿ ಹಬೆ ತಾಗುತ್ತದೆ. ಪಕ್ಕದಲ್ಲೇ ನಿಂತು ಕೈಯಾರೆ ಆಫ್ ಮಾಡಬೇಕು. ಮುಚ್ಚಳ ಮಾತ್ರ ಬೇರೆ ಸಿಗುವುದಿಲ್ಲವಂತೆ. ಇದು ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಉಳಿದ ಪಾತ್ರೆ ಇನ್ನೂ ಗಟ್ಟಿಯಾಗಿದೆ.

ಗಡಸು ನೀರಿನಿಂದ ತಳದಲ್ಲಿ ಬಿಳಿ ಪದರ ಕೂರುತ್ತದೆ. ನಿಂಬೆರಸ ಹಾಕಿದ ನೀರು ಕುದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ಇದರಲ್ಲಿ ಹಾಲು ಕಾಯಿಸಬೇಡಿ, ತಳ ಹಿಡಿಯುತ್ತದೆ.

ಕುದಿಸುವುದು, ಸೋಸುವುದು ಎಲ್ಲ ಕೋಣೆಯಲ್ಲೇ ಮುಗಿಸಿ, ಚಹಾವನ್ನು ಫ್ಲಾಸ್ಕಿಗೆ ತುಂಬಿಕೊಂಡೇ ಹೊರಡಿ. ಮೇಯುವ ಹಿಂಡಿನಲ್ಲಿ ಯಾವಾಗಲೂ ಒಂದೆರಡು ಹಕ್ಕಿ ಕತ್ತೆತ್ತಿ ಕಾವಲಿರುತ್ತವೆ. ಫ್ಲಾಸ್ಕಿನ ಮುಚ್ಚಳ ಕಲ್ಲಿಗೆ ಠಣ್ ಎಂದು ತಾಗಿದರೂ ಸಾಕು, ಕತ್ತುಗಳು ಒಂದೊಂದಾಗಿ ಮೇಲೇಳುತ್ತವೆ. ಆಗ ಅಲ್ಲಾಡದೆ ಕೂರಬೇಕು. ಮರಳಿ ಹೋಗುವ ದೂರದ ಹಾರಾಟಕ್ಕೆ ಅವು ಇಲ್ಲಿಯೇ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ನೆ ಎಬ್ಬಿಸಿದಷ್ಟೂ ಅದು ಕರಗುತ್ತದೆ, ಅಲ್ವಾ?

ಕೈಯಲ್ಲಿ ಬಿಸಿ ಲೋಟ ಇದ್ದರೆ ಕೂರುವುದು ಕಷ್ಟವಾಗುವುದಿಲ್ಲ. ಕೂತವರಿಗೇ ಹೆಬ್ಬಾತುಗಳ ಸಂಸಾರ ಕಾಣುವುದು. ಪಟ್ಟೆತಲೆ ಹೆಬ್ಬಾತಿನ ಎಳೆಯ ಹಕ್ಕಿಗಳಿಗೆ ತಲೆಯ ಕಪ್ಪು ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ಚಳಿಗಾಲದಲ್ಲೂ ಅವು ಅಪ್ಪ ಅಮ್ಮನ ಪಕ್ಕದಲ್ಲೇ ಮೇಯುತ್ತವೆ. ಬೇರೆ ಹಕ್ಕಿ ಹತ್ತಿರ ಬಂದರೆ ದೊಡ್ಡದು ಕತ್ತು ಚಾಚಿ ಓಡಿಸುತ್ತದೆ. ಅದನ್ನು ನೋಡುತ್ತಾ ಚಹಾ ಕುಡಿಯುವುದಕ್ಕಿಂತ ಒಳ್ಳೆಯ ಬೆಳಗು ನನಗೆ ಗೊತ್ತಿಲ್ಲ.

ಕೊಳ್ಳುವವರು ಬಣ್ಣ, ದೀಪ ಬಿಟ್ಟು ಮುಚ್ಚಳವನ್ನು ಹತ್ತಾರು ಸಲ ತೆಗೆದು ಹಾಕಿ ನೋಡಿ. ಹಿಂದಿನ ಕೀಲನ್ನು ಅಲ್ಲಾಡಿಸಿ. ಮುಂದಿನ ಚಳಿಗಾಲಕ್ಕೆ ಹೆಬ್ಬಾತುಗಳು ಬರುವ ಮೊದಲು ನಾನೂ ಇನ್ನೊಂದು ಕೊಳ್ಳುತ್ತೇನೆ. ಅಳತೆ ಇದೇ, ವ್ಯಾಟ್ ಇದೇ, ಕೀಲು ಮಾತ್ರ ಲೋಹದ್ದಾಗಿರಬೇಕು.