ಸ್ಯಾಂಪಲ್ ನೋಡಿ ಪೂರ್ತಿ ದುಡ್ಡು ಕೊಡಬೇಡಿ: ನನ್ನ ಮೊದಲ 280 ಡ್ರೆಸ್‌ಗಳಿಗೆ ಆದದ್ದು

ಮೊದಲ ಮೆಸೇಜು ಬಂದದ್ದು ಡ್ರೆಸ್ ಗಿರಾಕಿಯ ಕೈಸೇರಿದ ಒಂಬತ್ತನೇ ದಿನ. "ಒಂದೇ ಸಲ ಒಗೆದಿದ್ದು ಮೇಡಂ, ನೋಡಿ" ಎಂಬ ಒಂದು ಸಾಲು, ಜೊತೆಗೆ ಮೂರು ಫೋಟೊ. ಬಿಳಿ ಕಾಲರಿನ ತುಂಬ ಗುಲಾಬಿ ಕಲೆ. ಡ್ರೆಸ್ಸಿನ ಅಂಚಿನಿಂದ ಎರಡು ಬೆರಳಗಲ ಲೈನಿಂಗ್ ಹೊರಗೆ ಇಣುಕುತ್ತಿತ್ತು. ಮೂರನೆಯದು ಒಳಗಿನ ಟ್ಯಾಗಿನ ಫೋಟೊ. ಅದರಲ್ಲಿ ನನ್ನ ಲೇಬಲ್ಲಿನ ಹೆಸರು, ಅದರ ಕೆಳಗೆ ಮೆಷಿನ್‌ನಲ್ಲಿ ಒಗೆಯಬಹುದು ಎಂಬ ಚಿಹ್ನೆ.

ಅದೇ ವಾರ ಇನ್ನೂ ಆರು ಜನ ಬರೆದರು. ಎರಡು ತಿಂಗಳಲ್ಲಿ ಮಾರಾಟವಾದ 94 ಡ್ರೆಸ್‌ಗಳಲ್ಲಿ 61 ವಾಪಸ್ ಬಂದವು. ಸ್ವಂತ ಲೇಬಲ್ ಶುರುಮಾಡಬೇಕೆಂದು ಕೂಡಿಟ್ಟ ಹಣವೆಲ್ಲ ಆ 280 ಡ್ರೆಸ್‌ಗಳಲ್ಲೇ ಇತ್ತು. ಈಗಷ್ಟೇ ಕೋರ್ಸ್ ಮುಗಿಸಿ, ತಮ್ಮದೇ ಹೆಸರಿನಲ್ಲಿ ಬಟ್ಟೆ ತರಬೇಕೆಂದು ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಡಿಸೈನ್ ಜನರಿಗೆ ಇಷ್ಟವಾಗಿತ್ತು, ವಾಪಸ್ ಕಳಿಸಿದವರೂ ಹಾಗೆಂದೇ ಬರೆದಿದ್ದರು. ಲೇಬಲ್ ನೆಲಕಚ್ಚಿದ್ದು ಡಿಸೈನಿನಿಂದಲ್ಲ, ಬಟ್ಟೆಯನ್ನು ಒಮ್ಮೆ ಒಗೆದು ನೋಡದೆ ದುಡ್ಡು ಕೊಟ್ಟದ್ದರಿಂದ.

ನನಗೆ ಬೇಕಾಗಿದ್ದದ್ದು ಅರವತ್ತು ಡ್ರೆಸ್. ಕಡು ಕೆಂಪು ವಿಸ್ಕೋಸ್ (ರೇಯಾನ್ ಬಟ್ಟೆ), ಮೊಣಕಾಲಿನ ಕೆಳಗೆ ಬರುವ ಉದ್ದ, ಬಿಳಿ ಹತ್ತಿಯ ದೊಡ್ಡ ಕಾಲರ್, ಒಳಗೆ ಪಾಲಿಯೆಸ್ಟರ್ ಲೈನಿಂಗ್. ಹೊಲಿಗೆ ಯೂನಿಟ್‌ನವರು 250ಕ್ಕಿಂತ ಕಡಿಮೆ ಮಾಡುವುದಿಲ್ಲ ಎಂದರು. ಅದಕ್ಕೆ ಕಾರಣವೂ ಇದೆ. ಕಟಿಂಗ್ ಟೇಬಲ್ ಮೇಲೆ ಒಂದರ ಮೇಲೊಂದು ಪದರ ಹಾಸಿ ಒಟ್ಟಿಗೆ ಕತ್ತರಿಸುವುದರಿಂದ 60 ಡ್ರೆಸ್ಸಿಗೂ 250ಕ್ಕೂ ಕಟಿಂಗಿನ ತಯಾರಿಗೆ ಬೇಕಾಗುವ ಹೊತ್ತು ಹೆಚ್ಚುಕಡಿಮೆ ಒಂದೇ. ಲೈನಿನಲ್ಲಿ ಕೂತವರ ಕೈ ಒಂದು ಡಿಸೈನಿಗೆ ಒಗ್ಗುವುದಕ್ಕೇ ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಸಂಖ್ಯೆ ಏರಿದಂತೆ ಒಂದು ಪೀಸಿನ ದರ ಇಳಿಯುತ್ತದೆ. ನಾನು ಆ ಇಳಿದ ದರವನ್ನೇ ನೋಡಿದೆ. ನಾಲ್ಕು ಸೈಜಿಗೆ 70ರಂತೆ 280 ಹೇಳಿಬಿಟ್ಟೆ. ಎಲ್ಲ ಸೈಜಿಗೂ ಒಂದೇ ಸಂಖ್ಯೆ ಹೇಳಿದ್ದು ಇನ್ನೊಂದು ತಪ್ಪು. ಎಂ ಮತ್ತು ಎಲ್ ಮೊದಲು ಖಾಲಿಯಾಗತೊಡಗಿದವು, ಮಿಕ್ಕ ಎರಡರ ಡಬ್ಬಗಳು ಅಲುಗಾಡಲಿಲ್ಲ. ದರ ಹೆಚ್ಚಾದರೂ ಪರವಾಗಿಲ್ಲ, ಅರವತ್ತು ಹೊಲಿದುಕೊಡುವ ಒಬ್ಬ ಟೈಲರ್ ಮಾಸ್ಟರನ್ನು ಹುಡುಕಿಕೊಳ್ಳಬೇಕಿತ್ತು. ಅರವತ್ತು ಕೆಟ್ಟಿದ್ದರೆ ತಾಳಿಕೊಳ್ಳುತ್ತಿದ್ದೆ.

ಸ್ಯಾಂಪಲ್ ಮಾತ್ರ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಅದನ್ನು ಹೊಲಿದವರು ಯೂನಿಟ್ಟಿನ ಅತ್ಯಂತ ಅನುಭವಿ ಮಾಸ್ಟರ್. ಇಡೀ ಡ್ರೆಸ್ಸನ್ನು ಒಬ್ಬರೇ ಕೂತು ನಿಧಾನವಾಗಿ ಹೊಲಿದಿದ್ದರು. ಬಲ್ಕಿನಲ್ಲಿ, ಅಂದರೆ ಒಟ್ಟಿಗೆ ನೂರಾರು ಹೊಲಿಯುವಾಗ, ಒಬ್ಬರು ತೋಳು, ಒಬ್ಬರು ಕಾಲರ್, ಇನ್ನೊಬ್ಬರು ಅಂಚು, ಹೀಗೆ ಕೈಯಿಂದ ಕೈಗೆ ಸಾಗುತ್ತದೆ. ಸ್ಯಾಂಪಲ್ಲಿಗೆ ಬಳಸಿದ್ದು ವ್ಯಾಪಾರಿ ತೋರಿಸಲೆಂದು ಇಟ್ಟುಕೊಂಡಿದ್ದ ಕೆಲವು ಮೀಟರ್ ಬಟ್ಟೆ. ಬಲ್ಕಿನ ಬಟ್ಟೆ ಆಮೇಲೆ ಬಣ್ಣ ಹಾಕಿಸಿ ತರಿಸಿದ್ದು. ಎರಡಕ್ಕೂ ಹೆಸರು ಒಂದೇ, ಕೋಡ್ ಒಂದೇ. ನನಗೆ ಅಷ್ಟೇ ಸಾಕೆನಿಸಿತು. ಆ ಸ್ಯಾಂಪಲ್ಲಿಗೆ ಇಸ್ತ್ರಿ ಹಾಕಿ, ಫೋಟೊ ತೆಗೆಸಿ, ಮುಂಗಡ ಆರ್ಡರ್ ತೆಗೆದುಕೊಳ್ಳಲು ಶುರುಮಾಡಿದೆ. ನೀರಿಗೆ ಹಾಕಲಿಲ್ಲ. ಇದ್ದದ್ದು ಒಂದೇ ಪೀಸು, ಅದು ಹಾಳಾದರೆ ಎಂಬ ಭಯ.

ಬಣ್ಣ ಹಾಕಿ ಫಿನಿಷ್ ಮಾಡುವಾಗ ಬಟ್ಟೆಯನ್ನು ಎಳೆದು ಹಿಡಿದೇ ಒಣಗಿಸುತ್ತಾರೆ. ಆ ಎಳೆತ ದಾರದೊಳಗೆ ಉಳಿದುಕೊಂಡಿರುತ್ತದೆ. ಮೊದಲ ಸಲ ನೀರಿಗೆ ಬಿದ್ದಾಗ ದಾರ ತನ್ನ ಸಹಜ ಉದ್ದಕ್ಕೆ ಮರಳುತ್ತದೆ, ಬಟ್ಟೆ ಕುಗ್ಗುತ್ತದೆ. ವಿಸ್ಕೋಸ್‌ನ ಸ್ವಭಾವ ಇನ್ನೂ ನಾಜೂಕು. ನೆನೆದಾಗ ಅದರ ಬಲವೇ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ, ನೂಲು ಉಬ್ಬುತ್ತದೆ, ಕುಗ್ಗುವುದೂ ಹೆಚ್ಚು. ಹತ್ತಿ ಬಟ್ಟೆಯನ್ನು ಕಾರ್ಖಾನೆಯಲ್ಲೇ ಮೊದಲೇ ಕುಗ್ಗಿಸಿಡುವ ಸ್ಯಾನ್‌ಫರೈಸಿಂಗ್ ವಿಧಾನವನ್ನು ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ ಕಂಡುಹಿಡಿದು 1930ರ ಹೊತ್ತಿಗೇ ಪೇಟೆಂಟ್ ಪಡೆದಿದ್ದ. ಅಷ್ಟು ಹಳೆಯ ತೊಂದರೆ ಇದು. ಪರೀಕ್ಷೆಯಲ್ಲಿ ಇದಕ್ಕೆ ನಾನು ಉತ್ತರವನ್ನೂ ಬರೆದಿದ್ದೆ. ನನ್ನದೇ ಬಟ್ಟೆಯ ಮುಂದೆ ಕೂತಾಗ ಅದು ನೆನಪಿಗೆ ಬರಲಿಲ್ಲ.

ಲೆಕ್ಕ ಹಾಕಿ ನೋಡಿ. ನನ್ನ ಡ್ರೆಸ್ಸಿನ ಉದ್ದ 110 ಸೆಂಟಿಮೀಟರ್. ಬಲ್ಕಿನ ಬಟ್ಟೆ ಉದ್ದಕ್ಕೆ ಶೇಕಡಾ 6ರಷ್ಟು ಕುಗ್ಗಿತು, ಅಂದರೆ ಆರೂವರೆ ಸೆಂಟಿಮೀಟರಿಗೂ ಹೆಚ್ಚು. ಲೈನಿಂಗನ್ನು ನಾನು ಮೂರು ಸೆಂಟಿಮೀಟರ್ ಗಿಡ್ಡ ಇಟ್ಟಿದ್ದೆ. ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಒಗೆದ ಮೇಲೆ ಒಳಗಿನದು ಹೊರಗೆ ಬಂತು. ಅಗಲಕ್ಕೆ ಶೇಕಡಾ 4 ಕುಗ್ಗಿತು. 96 ಸೆಂಟಿಮೀಟರ್ ಎದೆಸುತ್ತಳತೆಯ ಡ್ರೆಸ್ 92ಕ್ಕೆ ಬಂತು. ನನ್ನ ಸೈಜ್ ಚಾರ್ಟಿನಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಇದ್ದ ಅಂತರ ನಾಲ್ಕೇ ಸೆಂಟಿಮೀಟರ್. ಎಂ ಕೊಂಡವರ ಮನೆಯಲ್ಲಿ ಅದು ಒಂದೇ ಒಗೆತಕ್ಕೆ ಎಸ್ ಆಗಿತ್ತು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಒಂದು ಸಂಜೆ ಸಾಕು. ಬಲ್ಕ್ ಬಟ್ಟೆಯ ಪ್ರತಿ ಥಾನಿನಿಂದ ಒಂದು ತುಂಡು ಕೇಳಿ ತನ್ನಿ, ಬಿಲ್ಲಿನ ಜೊತೆ ಪಿನ್ ಮಾಡಿ ಕೊಡುವ ಅಂಗೈಯಗಲದ ತುಂಡು ಸಾಲದು. ಅದರ ಮೇಲೆ ಅಳಿಸದ ಪೆನ್ನಿನಲ್ಲಿ 50 ಸೆಂಟಿಮೀಟರಿನ ಚೌಕ ಬರೆಯಿರಿ. ಯಾವ ಕಡೆ ಉದ್ದ ಎಂದು ಬಾಣ ಹಾಕಿ. ಗಿರಾಕಿ ಹೇಗೆ ಒಗೆಯುತ್ತಾರೋ ಹಾಗೆಯೇ ಒಗೆದು, ಒಣಗಿಸಿ, ಎಳೆಯದೆ ಹರಡಿ ಅಳೆಯಿರಿ. 50 ಇದ್ದದ್ದು 47 ಆಗಿದ್ದರೆ ಶೇಕಡಾ 6 ಹೋಯಿತು. ಮೂರು ಸಲ ಒಗೆಯಿರಿ, ಏಕೆಂದರೆ ಎರಡನೇ ಸಲವೂ ಕುಗ್ಗುವ ಬಟ್ಟೆಗಳಿವೆ. ಬಣ್ಣಕ್ಕೆ, ಅದೇ ತುಂಡಿನ ಒಂದು ಅಂಚಿಗೆ ಬಿಳಿ ಹತ್ತಿ ಬಟ್ಟೆ ಹೊಲಿದು ಒಗೆಯಿರಿ. ಇನ್ನೊಂದು ಬಿಳಿ ಬಟ್ಟೆಯನ್ನು ಒದ್ದೆಮಾಡಿ ಹಿಂಡಿ, ಬೆರಳಿಗೆ ಸುತ್ತಿ ಹತ್ತು ಸಲ ಉಜ್ಜಿ. ಕೆಂಪು, ಕಡು ನೀಲಿ, ಕಪ್ಪು ಇದ್ದರಂತೂ ಬಿಡಲೇಬೇಡಿ. ಬಣ್ಣ ಹಾಕಿದ ಮೇಲೆ ನೂಲಿಗೆ ಹಿಡಿಯದೆ ಉಳಿದ ಬಣ್ಣವನ್ನು ಬಿಸಿನೀರು, ಸೋಪಿನಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ಆ ತೊಳೆತದಲ್ಲಿ ಅವಸರ ಮಾಡಿದರೆ ಉಳಿದದ್ದು ಗಿರಾಕಿಯ ಬಕೆಟ್ಟಿನಲ್ಲಿ ಹೊರಗೆ ಬರುತ್ತದೆ. ನನ್ನ ವಿಷಯದಲ್ಲಿ ಅದು ಅವರ ಬಿಳಿ ಕಾಲರಿಗೇ ಹತ್ತಿತು.

ತೂಕವನ್ನೂ ನೋಡಿ. ಹತ್ತು ಸೆಂಟಿಮೀಟರಿನ ಚೌಕ ಕತ್ತರಿಸಿ, ಗ್ರಾಮಿನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿಯಲ್ಲಿಟ್ಟು, ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಮಿನಲ್ಲಿ, ಸಿಗುತ್ತದೆ. ಎಲ್ಲ ಮುಗಿದ ಮೇಲೆ ನಾನು ತೂಗಿ ನೋಡಿದೆ. ಸ್ಯಾಂಪಲ್ 140 ಇತ್ತು, ಬಲ್ಕು 118.

ಆಮೇಲೆ ಒಂದು ಲ್ಯಾಬಿಗೂ ಕಳಿಸಿದೆ. ಒಗೆದಾಗ ಬಣ್ಣ ಬಿಡುವುದನ್ನು ಐಎಸ್‌ಒ 105 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಿ06 ಭಾಗದಂತೆ, ಉಜ್ಜಿದಾಗ ಬಿಡುವುದನ್ನು ಎಕ್ಸ್12 ಭಾಗದಂತೆ ನೋಡುತ್ತಾರೆ. 1ರಿಂದ 5ರವರೆಗಿನ ಗ್ರೇ ಸ್ಕೇಲ್, 5 ಎಂದರೆ ಪಕ್ಕದ ಬಟ್ಟೆಗೆ ಏನೂ ಹತ್ತಿಲ್ಲ ಎಂದರ್ಥ. ನನ್ನದಕ್ಕೆ ಬಂದದ್ದು 2. ಆ ವರದಿಯನ್ನು ಕಟಿಂಗ್‌ಗೆ ಮುಂಚೆ ತರಿಸಿಕೊಂಡಿದ್ದರೆ ಆ ಥಾನುಗಳನ್ನು ಹಾಗೆಯೇ ವಾಪಸ್ ಕಳಿಸಬಹುದಿತ್ತು. ಕತ್ತರಿ ಬಿದ್ದ ಬಟ್ಟೆಯನ್ನು ಯಾವ ವ್ಯಾಪಾರಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಒಗೆಯುವ ಚಿಹ್ನೆಯ ವಿಷಯ ಹೇಳುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಬೀರುವಿನಲ್ಲಿದ್ದ ಬೇರೊಂದು ಡ್ರೆಸ್ಸಿನ ಟ್ಯಾಗ್ ನೋಡಿ ಅದನ್ನೇ ಮುದ್ರಿಸಲು ಕೊಟ್ಟಿದ್ದೆ. ತೊಟ್ಟಿಯ ಚಿಹ್ನೆಯೊಳಗೆ 40, ತ್ರಿಕೋನ, ಚೌಕ, ಇಸ್ತ್ರಿ, ವೃತ್ತ. ಐಎಸ್‌ಒ 3758 ಹೇಳುವ ಕ್ರಮ ಅದೇ: ಒಗೆತ, ಬ್ಲೀಚ್, ಒಣಗಿಸುವುದು, ಇಸ್ತ್ರಿ, ಡ್ರೈಕ್ಲೀನ್. ಕ್ರಮ ಸರಿ ಇತ್ತು, ಆದರೆ ಆ ಚಿಹ್ನೆ ನನ್ನ ಬಟ್ಟೆಯ ಬಗ್ಗೆ ಹೇಳಿದ್ದಾಗಿರಲಿಲ್ಲ. 40 ಎಂದು ಬರೆದರೆ 40 ಡಿಗ್ರಿ ನೀರಿನಲ್ಲಿ ಹಾಕಿದರೂ ಏನೂ ಆಗದೆಂದು ಕೊಂಡವರಿಗೆ ನಾವು ಮಾತು ಕೊಟ್ಟಂತೆ. ಅವರು ನಾನು ಹೇಳಿದಂತೆಯೇ ಒಗೆದಿದ್ದರು. ಅದಕ್ಕೇ ಒಬ್ಬರ ಜೊತೆಗೂ ವಾದ ಮಾಡಲಿಲ್ಲ.

ಈಗ ದುಡ್ಡಿನ ವಿಷಯ. ಅರ್ಧ ಮುಂಗಡ ಕೊಟ್ಟಿದ್ದೆ. ಮಿಕ್ಕದ್ದು ಮಾಲು ಹೊರಡುವ ಮುಂಚೆ ಎಂದಾಗಿತ್ತು. ಯೂನಿಟ್‌ನವರು ಪ್ಯಾಕ್ ಆದ ಡಬ್ಬಗಳ ಫೋಟೊ, ನಾಲ್ಕು ಡ್ರೆಸ್ಸಿನ ಫೋಟೊ ಕಳಿಸಿದರು. "ಎಲ್ಲಾ ರೆಡಿ ಮೇಡಂ, ದುಡ್ಡು ಹಾಕಿದ್ರೆ ಇವತ್ತೇ ಲೋಡ್ ಮಾಡಿಸ್ತೀವಿ" ಎಂದರು. ಮುಂಗಡ ಆರ್ಡರ್ ಕೊಟ್ಟವರು ಕೇಳುತ್ತಲೇ ಇದ್ದರು. ಅವತ್ತೇ ಹಾಕಿದೆ. ಕೊನೆಯ ಕಂತು ನಮ್ಮ ಕೈಯಲ್ಲಿರುವವರೆಗೆ ಮಾತ್ರ ನಮ್ಮ ಮಾತಿಗೆ ಬೆಲೆ. ಆ ಒಂದು ಗಂಟೆಯ ನಂತರ ಅವರ ಫೋನಿನ ದನಿಯೇ ಬೇರೆಯಾಯಿತು.

280 ಡ್ರೆಸ್‌ಗಳನ್ನೂ ಬಿಚ್ಚಿ ನೋಡಬೇಕಾಗಿಯೂ ಇರಲಿಲ್ಲ. ಇದಕ್ಕೆ ಐಎಸ್‌ಒ 2859-1 ಎಂಬ ಕೋಷ್ಟಕವಿದೆ, ದೊಡ್ಡ ಕಂಪನಿಗಳು ಅದನ್ನೇ ಅನುಸರಿಸುತ್ತವೆ. 151ರಿಂದ 280ರವರೆಗಿನ ಲಾಟಿಗೆ, ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ, ಡಬ್ಬಗಳಿಂದ ನೀವೇ ಆರಿಸಿಕೊಂಡು 32 ಪೀಸು ತೆಗೆಯಬೇಕು. ಎಕ್ಯೂಎಲ್ (ಎಷ್ಟು ದೋಷ ನಡೆಯುತ್ತದೆ ಎಂಬ ಮಿತಿ) 2.5 ಎಂದು ಒಪ್ಪಿಕೊಂಡಿದ್ದರೆ ದೊಡ್ಡ ದೋಷ ಎರಡರಲ್ಲಿ ಕಂಡರೆ ಲಾಟ್ ಪಾಸು, ಮೂರರಲ್ಲಿ ಕಂಡರೆ ಇಡೀ ಲಾಟ್ ವಾಪಸ್. ಮೂವತ್ತೆರಡು ಡ್ರೆಸ್, ಒಂದು ಅಳತೆ ಟೇಪು, ಅರ್ಧ ದಿನ. ಮಾಲು ಮನೆಗೆ ಬಂದ ಮೇಲೆ ನಾನು ಹಾಗೆ 32 ತೆಗೆದು ನೋಡಿದೆ. ಒಗೆಯುವ ಮುಂಚೆಯೇ ಒಂಬತ್ತರಲ್ಲಿ ದೋಷವಿತ್ತು. ಕಂಕುಳ ಹೊಲಿಗೆ ಬಿಟ್ಟದ್ದು, ಕಾಜಾ ಬಿಚ್ಚಿಕೊಂಡದ್ದು, ಎರಡು ತೋಳಿಗೆ ಎರಡು ಛಾಯೆ.

ಕೇಳಿದಾಗ ಬಂದ ಉತ್ತರ: "ಲಾಟ್ ಬೇರೆ ಆದ್ರೆ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತೆ ಮೇಡಂ, ನೀವು ಸ್ಯಾಂಪಲ್ ಓಕೆ ಮಾಡಿದ್ರಲ್ಲ." ಎಷ್ಟು ವ್ಯತ್ಯಾಸ ಎಂದು ಎಲ್ಲೂ ಬರೆದಿರಲಿಲ್ಲ. ನಮ್ಮ ನಡುವೆ ಇದ್ದದ್ದು ಮೆಸೇಜುಗಳು ಮತ್ತು ಪೀಸಿನ ದರ ಬರೆದ ಒಂದು ಹಾಳೆ. ಬಟ್ಟೆಯ ಜಿಎಸ್‌ಎಂ ಎಷ್ಟು, ಕುಗ್ಗುವುದು ಶೇಕಡಾ ಎಷ್ಟರೊಳಗಿರಬೇಕು, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಇಂಚಿಗೆ ಎಷ್ಟು ಹೊಲಿಗೆ, ದೋಷ ಬಂದರೆ ಯಾರ ಖರ್ಚು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕಿತ್ತು. ಬಲ್ಕ್ ಬಟ್ಟೆಯಲ್ಲೇ ಹೊಲಿದು, ಒಗೆದು ನೋಡಿ ಒಪ್ಪಿದ ಎರಡು ಪೀಸುಗಳಿಗೆ ಸಹಿ ಮಾಡಿದ ಟ್ಯಾಗ್ ಕಟ್ಟಿ, ಒಂದು ಅವರ ಬಳಿ, ಒಂದು ನಮ್ಮ ಬಳಿ ಇರಬೇಕು. ಅದಿಲ್ಲದೆ ಕಟಿಂಗ್ ಶುರುವಾಗಕೂಡದು. ಸಹಿ ಕೇಳಿದರೆ ಬೇಸರ ಮಾಡಿಕೊಳ್ಳುವ ಯೂನಿಟ್ ಆದರೆ ಅಲ್ಲಿಗೇ ಬಿಡಿ. ಕೆಲಸ ಗೊತ್ತಿರುವವರು ಈ ಕಾಗದವನ್ನು ತಾವೇ ಕೇಳುತ್ತಾರೆ.

ಜಗಳವಾದ ಮೇಲೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ, ಕೊಡಿ ಎಂದೆ. ಅದು ತಮ್ಮ ಮಾಸ್ಟರ್ ತಮ್ಮ ಕಂಪ್ಯೂಟರಿನಲ್ಲಿ ಮಾಡಿದ್ದು, ಹಾಗಾಗಿ ತಮ್ಮದೇ ಎಂದರು. ಸ್ಕೆಚ್ ನನ್ನದು, ಮೊದಲ ಕಾಗದದ ಪ್ಯಾಟರ್ನೂ ನನ್ನದು, ಅದನ್ನು ನಾಲ್ಕು ಸೈಜಿಗೆ ಹಿಗ್ಗಿಸಿ ಕುಗ್ಗಿಸುವ ಗ್ರೇಡಿಂಗ್ ಮಾಡಿದ್ದು ಮಾತ್ರ ಅವರು. ಬಿಲ್ಲಿನಲ್ಲಿ ಇದ್ದದ್ದು "ಸ್ಯಾಂಪಲ್ ಚಾರ್ಜ್" ಎಂಬ ಎರಡೇ ಪದ. ಪ್ಯಾಟರ್ನ್ ಮತ್ತು ಗ್ರೇಡಿಂಗಿನ ಹಣವನ್ನು ಬೇರೆಯೇ ಸಾಲಿನಲ್ಲಿ ಬರೆಸಿ, ದುಡ್ಡು ಕೊಟ್ಟ ದಿನವೇ ಡಿಎಕ್ಸ್‌ಎಫ್ ಫೈಲನ್ನೂ ಕಾಗದದ ಸೆಟ್ಟನ್ನೂ ತೆಗೆದುಕೊಳ್ಳಿ. ಡಿಎಕ್ಸ್‌ಎಫ್ ಇದ್ದರೆ ಬೇರೆ ಯೂನಿಟ್ಟಿನ ಸಾಫ್ಟ್‌ವೇರಿನಲ್ಲೂ ತೆರೆಯಬಹುದು. ಫೈಲ್ ಇಲ್ಲದಿದ್ದರೆ ಮುಂದಿನ ಸಲವೂ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ.

ಅಂಗಡಿಗಳಿಗೆ ಇಟ್ಟು ಮಾರಲು ಕೊಟ್ಟ ನಲವತ್ತರ ಕಥೆ ಉದ್ದ, ಚುಟುಕಾಗಿ ಹೇಳುತ್ತೇನೆ. ಮಾರಿದರೆ ಮಾತ್ರ ದುಡ್ಡು ಎಂಬ ಕರಾರಿನಲ್ಲಿ ಕೊಡುವಾಗ, ಕೊಳೆಯಾದರೆ, ಹರಿದರೆ, ಕಳೆದುಹೋದರೆ ಯಾರು ಹೊಣೆ ಮತ್ತು ಎಷ್ಟು ದಿನಕ್ಕೊಮ್ಮೆ ಲೆಕ್ಕ ಎಂದು ಬರೆಸಿಕೊಳ್ಳಿ. ನನಗೆ ಹನ್ನೊಂದು ಡ್ರೆಸ್ ಕುತ್ತಿಗೆಯ ಬಳಿ ಮೇಕಪ್ಪಿನ ಕಲೆಯೊಂದಿಗೆ ವಾಪಸ್ ಬಂದವು.

ಒಂದು ವಿಷಯದಲ್ಲಿ ಮಾತ್ರ ಪಾರಾದೆ, ಅದೂ ವಕೀಲೆಯಾಗಿರುವ ಗೆಳತಿಯಿಂದ. ನೇಯ್ದ ಲೇಬಲ್ ಮಾಡಿಸುವ ಮುಂಚೆ ಹೆಸರನ್ನು ಟ್ರೇಡ್‌ಮಾರ್ಕ್ ರಿಜಿಸ್ಟರಿನಲ್ಲಿ ಹುಡುಕು ಎಂದಳು. ಟ್ರೇಡ್‌ಮಾರ್ಕಿಗಾಗಿ ಸರಕುಗಳನ್ನು ವಿಂಗಡಿಸುವ ನೀಸ್ ವರ್ಗೀಕರಣದಲ್ಲಿ ಉಡುಪು, ಪಾದರಕ್ಷೆ, ಟೋಪಿ 25ನೇ ವರ್ಗಕ್ಕೆ ಬರುತ್ತವೆ. ನಾನು ಮೊದಲು ಇಷ್ಟಪಟ್ಟಿದ್ದ ಹೆಸರು ಆ ವರ್ಗದಲ್ಲಿ ಆಗಲೇ ಇನ್ನೊಬ್ಬರದಾಗಿತ್ತು. ನೋಂದಣಿ ಆಯಾ ದೇಶಕ್ಕೆ ಮಾತ್ರ ಸಲ್ಲುತ್ತದೆ, ಆದ್ದರಿಂದ ಮಾರುವ ಪ್ರತಿ ದೇಶದಲ್ಲೂ ಹುಡುಕಬೇಕು.

61 ಜನರಿಗೂ ಹಣ ವಾಪಸ್ ಕೊಟ್ಟಿದ್ದೇನೆ, ಕೊನೆಯವರಿಗೆ ಹೋದ ತಿಂಗಳು ಕೊಟ್ಟೆ. ಇಟ್ಟುಕೊಂಡ 33 ಜನಕ್ಕೂ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ ಎಂದು ಬರೆದು ತಿಳಿಸಿದೆ. ಈಗ ಬೇರೆಯವರ ಲೇಬಲ್ಲಿಗೆ ಪ್ಯಾಟರ್ನ್ ಮಾಡುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಉಳಿದ ಡ್ರೆಸ್‌ಗಳ ಬಿಳಿ ಕಾಲರ್ ಬಿಚ್ಚಿ, ಡ್ರೆಸ್ಸನ್ನು ಒಗೆದು ಕುಗ್ಗಿಸಿ, ಲೈನಿಂಗ್ ಕತ್ತರಿಸಿ ಮತ್ತೆ ಹೊಲಿಯುತ್ತಿದ್ದೇನೆ, ರಜೆಯ ದಿನಕ್ಕೆ ನಾಲ್ಕರಂತೆ. ಇವಕ್ಕೆ ಹೊಸ ಟ್ಯಾಗ್, ಹೊಸ ಸೈಜು. ಪ್ಯಾಟರ್ನ್ ಮಾತ್ರ ಆ ಯೂನಿಟ್‌ನಿಂದ ಇನ್ನೂ ಬಂದಿಲ್ಲ.